ದೊಡ್ಡಿಯಲ್ಲಿ ಮೂರು ಸಂಜೆ

ನಮ್ಮ ಬೀದಿಯ ಪಾರ್ಕಿಂಗ್ ಪರ್ಮಿಟ್ಟಿನ ಒಂಬತ್ತು ನಿಯಮಗಳನ್ನು ಬರೆದವಳು ನಾನೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಬರೆದದ್ದರಲ್ಲಿ ಯಾರೂ ನುಸುಳಿಕೊಳ್ಳದ ಹಾಗೆ ಬರೆಯುವುದು ನನಗೆ ಗೊತ್ತು. ಆ ಜಂಬ ನನಗೆ ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಪುರಸಭೆಯವರು ಒಂದಕ್ಷರವನ್ನೂ ಬದಲಿಸದೆ ಮೊಹರು ಒತ್ತಿ ಕಳಿಸಿದರು. ಈಗ ಆ ಹಾಳೆಯನ್ನು ಬೀದಿ ಶುರುವಾಗುವಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಗಾಜು ಹಾಕಿ ತೂಗುಬಿಟ್ಟಿದ್ದಾರೆ. ಕೆಳಗೆ ನನ್ನ ಸಹಿ ಇದೆ: ಪಂಕಜಮ್ಮ, ಕಾರ್ಯದರ್ಶಿ, ಬೀದಿ ನಿವಾಸಿಗಳ ಸಂಘ.

ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಗಾಡಿಗಳು ತಮ್ಮ ತಮ್ಮ ಮನೆಗೆ ಹೋಗುತ್ತವೆ. ಎಲ್ಲಿ ನಿಲ್ಲಿಸಿದ್ದರೂ ಅಷ್ಟೆ, ಬೀಗ ಹಾಕಿ ಕೀಲಿಕೈ ಜೇಬಿನಲ್ಲಿಟ್ಟುಕೊಂಡಿದ್ದರೂ ಅಷ್ಟೆ. ಆಳಿಲ್ಲದ ಸ್ಕೂಟರು, ಕಾರು, ಆಟೋಗಳು ಎಡಬದಿ ಹಿಡಿದು ಮನುಷ್ಯರು ನಡೆಯುವ ವೇಗದಲ್ಲೇ ಸಾಲಾಗಿ ಬರುತ್ತವೆ. ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಮನೆ ಸೇರಿದ ಮೇಲೆ ಬೆಳಗಾಗುವ ತನಕ ಅವು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಾಗಾಗಿ ಸಂಜೆಯ ಮೇಲೆ ನಮಗೆಲ್ಲ ಕಾಲೇ ಗತಿ. ಆರತಕ್ಷತೆಗಳನ್ನು ಮಧ್ಯಾಹ್ನ ಮೂರಕ್ಕೇ ಮುಗಿಸುತ್ತಾರೆ. ಹೆರಿಗೆ ದಿನ ಹತ್ತಿರ ಬಂದವರನ್ನು ವಾರಕ್ಕೆ ಮುಂಚೆಯೇ ಆಸ್ಪತ್ರೆಯ ಪಕ್ಕದ ಛತ್ರಕ್ಕೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳುತ್ತಾರೆ.

ಗಾಡಿಗೆ ಮನೆ ಅಂದರೆ ಅದು ನಮ್ಮೂರಿಗೆ ಬಂದ ದಿನ ರಾತ್ರಿ ಕಳೆದ ಜಾಗ. ಆಮೇಲೆ ಅದನ್ನು ಇನ್ನೊಬ್ಬರಿಗೆ ಮಾರಿದರೂ ಸಂಜೆಗೆ ಹಳೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಕೊಂಡವರು ಬೆಳಿಗ್ಗೆ ನಡೆದು ಬಂದು ತೆಗೆದುಕೊಂಡು ಹೋಗಬೇಕು. ಮಾರಿದವರು ಅವರಿಗೊಂದು ಲೋಟ ಕಾಫಿಯನ್ನೋ ಟೀಯನ್ನೋ ಕೊಡುವುದು ಮರ್ಯಾದೆ. ಹೀಗೆ ಬಂದು ಹೋಗಿ ಬೀಗರಾದವರೂ ನಮ್ಮೂರಲ್ಲಿದ್ದಾರೆ.

ನಮ್ಮ ಬೀದಿಗೆ ಗ್ರಹಚಾರ ಅಂಟಿದ್ದು ದೊರೆಸ್ವಾಮಿಯಿಂದ. ನಮ್ಮ ಮನೆಯಿಂದ ನಾಲ್ಕನೆಯದು ಅವನ ಮನೆ. ಹಳೆಯ ಗಾಡಿಗಳ ಬ್ರೋಕರ್. ಬೇರೆ ಊರುಗಳಿಂದ ಗಾಡಿ ತರುತ್ತಿದ್ದ, ಒಂದು ರಾತ್ರಿ ಮನೆ ಮುಂದೆ ನಿಲ್ಲಿಸಿಕೊಂಡು ಮರುದಿನ ಮಾರುತ್ತಿದ್ದ. ಅವನು ಮಾರಿದ ಗಾಡಿಗಳೆಲ್ಲ ಸಂಜೆಯಾದರೆ ಅವನ ಬಾಗಿಲಿಗೆ ಬಂದವು. ಮೊದಲ ವರ್ಷ ಆರಿದ್ದವು. ಹತ್ತು ವರ್ಷದಲ್ಲಿ ಅರವತ್ತು ದಾಟಿ, ಅವನ ಮನೆ ಮುಂದೆ ಹಿಡಿಸದೆ ಬೀದಿಯುದ್ದಕ್ಕೂ ಎರಡು ಸಾಲು, ಮೂರು ಸಾಲು ನಿಂತವು. ಅವನ ಹೆಂಡತಿ ದಿನಾ ಬೆಳಿಗ್ಗೆ ಅರವತ್ತು ಲೋಟ ಕಾಫಿ ಸೋಸಲಾರದೆ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಳು. ನಾವೆಲ್ಲ ಅದನ್ನು ತಮಾಷೆ ಮಾಡಿ ನಗುತ್ತಿದ್ದೆವು. ಸಂಜೆ ತರಕಾರಿ ಚೀಲ ಹಿಡಿದು ಆ ಗಾಡಿಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಮನೆ ಸೇರುವಾಗಲೂ ನಗುತ್ತಲೇ ಇದ್ದೆವು.

ನಮ್ಮ ಯಜಮಾನರು ನಂಜರಾಜು ಸಿಮೆಂಟ್ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದರು. ಹೋದ ಕಾರ್ತಿಕದಲ್ಲಿ ಒಂದು ಸಂಜೆ ಕೈಕಾಲು ತೊಳೆದು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಎದೆ ಹಿಡಿದುಕೊಂಡು ಕೂತರು. ಅಂಬುಲೆನ್ಸಿಗೆ ಫೋನ್ ಮಾಡಿದೆವು. ಅದು ಹೊರಗಿನ ಊರಿನದು, ಅದಕ್ಕೆ ಸಂಜೆಯ ಕಟ್ಟುಪಾಡಿಲ್ಲ. ಹತ್ತೇ ನಿಮಿಷಕ್ಕೆ ಬಂತು. ಬಂದು ಗಿರಣಿಯ ಹತ್ತಿರ ನಿಂತುಬಿಟ್ಟಿತು. ಮುಂದೆ ಅರವತ್ತು ಗಾಡಿ. ಒಂದನ್ನೂ ಕದಲಿಸಲಾಗಲಿಲ್ಲ. ದೊರೆಸ್ವಾಮಿ ಮತ್ತು ಇನ್ನಿಬ್ಬರು ಇವರನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ತಲೆಯ ಮೇಲೆತ್ತಿಕೊಂಡು, ಗಾಡಿಗಳ ಸೀಟಿನ ಮೇಲೆ ಕಾಲಿಟ್ಟು ದಾಟಿಸಿದರು. ಗಿರಣಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ದೊರೆಸ್ವಾಮಿ ಅಲ್ಲೇ ನೆಲದ ಮೇಲೆ ಕೂತು ತಲೆ ತಲೆ ಚಚ್ಚಿಕೊಂಡ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಇವತ್ತಿಗೂ ಪೂರ್ತಿ ಬಂದಿಲ್ಲ.

ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ ನಿಯಮ ಬರೆದದ್ದು. ಒಂದು ಮನೆಗೆ ಒಂದು ಗಾಡಿ. ಗಾಡಿಯ ಆರ್.ಸಿ. ಪುಸ್ತಕದಲ್ಲಿರುವ ಹೆಸರೂ ಆ ಮನೆಯ ರೇಷನ್ ಕಾರ್ಡಿನ ಹೆಸರೂ ಒಂದೇ ಆಗಿರಬೇಕು. ಅಂಥ ಗಾಡಿಗೆ ಹಳದಿ ಪರ್ಮಿಟ್ ಚೀಟಿ. ಚೀಟಿ ಇಲ್ಲದ್ದನ್ನು ಪುರಸಭೆಯವರು ಕೆರೆಯಾಚೆಯ ದೊಡ್ಡಿಗೆ ಹಾಕಬೇಕು. ಮೊದಲು ಬಿಡಾಡಿ ದನಗಳನ್ನು ಕೂಡುತ್ತಿದ್ದ ದೊಡ್ಡಿ ಅದು, ಕಬ್ಬಿಣದ ಗೇಟಿದೆ. ಸಂಜೆ ಹೊತ್ತಿನಲ್ಲಿ ಮನೆಗೆ ಹೋಗುವ ಗಾಡಿಯನ್ನು ಬೇರೆ ಯಾವುದೂ ತಡೆಯುವುದಿಲ್ಲ, ಸರಪಳಿ ಬಿಗಿದರೆ ಸರಪಳಿಯನ್ನೇ ಕಿತ್ತುಕೊಂಡು ಬರುತ್ತದೆ. ದೊಡ್ಡಿಯೊಳಗೆ ಮೂರು ಸಂಜೆ ಕಳೆದರೆ ಹಳೆಯ ಮನೆ ಮರೆಯುತ್ತದೆ. ಆಮೇಲೆ ಕೊಂಡವರು ತಮ್ಮ ಮನೆ ಮುಂದೆ ನಿಲ್ಲಿಸಿಕೊಂಡರೆ ಅಲ್ಲಿಗೆ ಒಗ್ಗುತ್ತದೆ. ಇದನ್ನು ಮಾಡಬಹುದೆಂದು ಊರಿಗೆಲ್ಲ ಗೊತ್ತಿತ್ತು. ಪಾಪ ಅನ್ನಿಸಿ ಯಾರೂ ಮಾಡುತ್ತಿರಲಿಲ್ಲ. ಏಳನೆಯ ನಿಯಮವನ್ನು ನಾನು ಹಳಬರನ್ನು ವಿಚಾರಿಸಿ ಬರೆದೆ: ಆ ಮೂರು ಸಂಜೆ ಗಾಡಿಗೆ ಗುರುತಿರುವ ಯಾರೂ ದೊಡ್ಡಿಯ ಹತ್ತಿರ ಸುಳಿಯತಕ್ಕದ್ದಲ್ಲ.

ಮೊದಲು ಸಹಿ ಹಾಕಿದವನು ದೊರೆಸ್ವಾಮಿ. ಅರ್ಜಿ ಪುರಸಭೆಗೆ ಹೋಯಿತು. ಅಲ್ಲಿ ಎಂಟು ತಿಂಗಳು ಕೂತಿತು.

ಅರ್ಜಿ ಕೊಟ್ಟ ವಾರವೇ ಇವರ ಸ್ಕೂಟರನ್ನು ಮಾರಿದೆ. ಬೂದು ಬಣ್ಣದ ಹಳೆಯ ಸ್ಕೂಟರು, ಸಂದುಸಂದಿನಲ್ಲಿ ಸಿಮೆಂಟಿನ ಪುಡಿ. ಇವರಿದ್ದಾಗ ಸಂಜೆ ಅದು ಮುಂದಾಗಿ ಬರುತ್ತಿತ್ತು. ಇವರು ಡಿಪೋ ಬಾಗಿಲು ಹಾಕಿ, ದಾರಿಯಲ್ಲಿ ಯಾರಾದರೂ ಸಿಕ್ಕರೆ ಮಾತಾಡಿ, ಹಿಂದಿನಿಂದ ನಡೆದುಕೊಂಡು ಬರುತ್ತಿದ್ದರು. ಸ್ಕೂಟರು ಬಂದ ಸದ್ದು ಕೇಳಿದರೆ ನಾನು ಅನ್ನಕ್ಕಿಡುತ್ತಿದ್ದೆ. ಅನ್ನ ಬೇಯುವುದಕ್ಕೂ ಇವರು ಚಪ್ಪಲಿ ಬಿಡುವುದಕ್ಕೂ ಸರಿಹೋಗುತ್ತಿತ್ತು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಇವರು ಹೋದ ಮೇಲೆ ಅದು ಬಾಗಿಲಲ್ಲಿ ನಿಂತಿರುವುದನ್ನು ನೋಡಲಾರದೆ ಬಂದ ಮೊದಲ ಗಿರಾಕಿಗೆ ಕೊಟ್ಟುಬಿಟ್ಟೆ. ಮಾರಿದರೂ ಸಂಜೆಗೆ ಬರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಿಯಮ ಬರುತ್ತದಲ್ಲ, ಆಗ ದೊಡ್ಡಿಗೆ ಹೋಗಲಿ ಎಂದುಕೊಂಡಿದ್ದೆ.

ಕೊಂಡವನು ಖಲೀಲ್. ಊರಿನ ಆ ಕೊನೆಯಲ್ಲಿ ಅವನ ಮನೆ. ಬೇಕರಿಯಿಂದ ಬ್ರೆಡ್ಡು, ಬನ್ನು ತೆಗೆದುಕೊಂಡು ಅಂಗಡಿಗಳಿಗೂ ಹೋಟೆಲುಗಳಿಗೂ ಹಾಕುವವನು. ಬೆಳಿಗ್ಗೆ ಆರಕ್ಕೆ ಬೇಕರಿಯಲ್ಲಿರಬೇಕು, ಅದಕ್ಕೆ ನಾಲ್ಕೂವರೆಗೆ ಎದ್ದು ಎರಡು ಮೈಲಿ ನಡೆದು ಐದೂವರೆಗೆ ನಮ್ಮ ಮನೆ ಮುಂದೆ ಇರುತ್ತಿದ್ದ. ಮೊದಮೊದಲು ನಾನು ಬಾಗಿಲು ಸಂದು ಮಾಡಿ ಟೀ ಲೋಟವನ್ನು ಜಗುಲಿಯ ಮೇಲಿಟ್ಟು ಒಳಗೆ ಹೋಗುತ್ತಿದ್ದೆ. ಅವನು ಕುಡಿದು, ನಲ್ಲಿಯಲ್ಲಿ ಲೋಟ ತೊಳೆದು ಬೋರಲು ಹಾಕಿ ಹೋಗುತ್ತಿದ್ದ. ಒಂದೆರಡು ತಿಂಗಳಾದ ಮೇಲೆ ಹಿಂದಿನ ದಿನದ ಒಂದು ಬನ್ನನ್ನು ಕಾಗದದಲ್ಲಿ ಸುತ್ತಿ ಜಗುಲಿಯ ಮೇಲೆ ಇಡಲು ಶುರು ಮಾಡಿದ. ನಾನು ಹೊರಗೆ ನಿಂತು ಮಾತಾಡಲು ಶುರು ಮಾಡಿದೆ.

ಸಂಜೆಯ ವಿಷಯ ಬೇರೆ. ಶುರುವಿನಲ್ಲಿ ಸ್ಕೂಟರು ಬಂದ ಸದ್ದಾದರೆ ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದೆ. ಒಂದು ದಿನ ತಡೆಯಲಾರದಷ್ಟು ಸಿಟ್ಟು ಬಂದು ಅದರ ಮೇಲೆ ಒಂದು ಬಿಂದಿಗೆ ನೀರು ಎಸೆದೆ. ಆಮೇಲೆ, ಎಂದಿನಿಂದ ಎಂದು ಹೇಳಲಾರೆ, ಸದ್ದಾದ ತಕ್ಷಣ ಎದ್ದು ಹೋಗಿ ಅನ್ನಕ್ಕಿಡಲು ಶುರು ಮಾಡಿದ್ದೆ. ಹಿಂದಿನಿಂದ ಯಾರೂ ನಡೆದು ಬರುವುದಿಲ್ಲ, ಅದು ನನಗೆ ಗೊತ್ತು, ನನಗೇನೂ ತಲೆ ಕೆಟ್ಟಿರಲಿಲ್ಲ. ಆದರೆ ಸ್ಕೂಟರು ಬಂದು ಅನ್ನ ಬೇಯುವ ತನಕದ ಆ ಇಪ್ಪತ್ತು ನಿಮಿಷ ಮನೆ ಮೊದಲಿನ ಹಾಗೇ ಇರುತ್ತಿತ್ತು. ಆ ಇಪ್ಪತ್ತು ನಿಮಿಷಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದಾಗಿಯೂ ಕಾಣಲಿಲ್ಲ.

ಆಷಾಢದಲ್ಲಿ ಪುರಸಭೆಯಿಂದ ಮೊಹರಿನ ಸಮೇತ ಹಾಳೆ ಬಂತು, ಜೊತೆಗೆ ಹಳದಿ ಚೀಟಿಗಳ ಕಟ್ಟು. ನಾನು ಬರೆದ ನಿಯಮವನ್ನು ನಾನೇ ಬೇರೆ ಯಾರದೋ ಎಂಬಂತೆ ಓದಿದೆ. ಎಲ್ಲೂ ನುಸುಳಲು ಜಾಗವಿರಲಿಲ್ಲ. ಸ್ಕೂಟರಿನ ಪುಸ್ತಕದಲ್ಲಿ ಖಲೀಲನ ಹೆಸರು. ಅವನ ರೇಷನ್ ಕಾರ್ಡು ಬೇರೆ ಬೀದಿಯದು.

ದೊರೆಸ್ವಾಮಿ ಸಂಜೆ ಜಗುಲಿಗೆ ಬಂದು ನಿಂತ. ಇವರು ಹೋದ ದಿನದಿಂದ ಅವನು ನಮ್ಮ ಮನೆಯೊಳಗೆ ಕಾಲಿಟ್ಟಿಲ್ಲ, ನಾನೂ ಕರೆದಿಲ್ಲ. "ಪಂಕಜಮ್ನೋರೆ, ನಂದೆಲ್ಲಾ ನಾಳೆಯಿಂದ ದೊಡ್ಡಿಗ್ ಸಾಗ್ಸಕ್ಕೆ ಹೇಳಿದೀನಿ. ನಿಮ್ಮನೆ ಸ್ಕೂಟ್ರುದು ಒಂದ್ ಚೀಟಿ ಬರ್ಕೊಂಬುಡಿ. ಚೀಟಿ ಕಟ್ಟು ನಿಮ್ ಕೈಲೇ ಅದೆ. ಯಾರ್ ಕೇಳ್ತಾರೆ?"

"ನಾನ್ ಕೇಳ್ತೀನಿ," ಎಂದೆ.

"ರಾಜಣ್ಣೋರ್ ಗಾಡಿ ಅಲ್ವ್ರಾ ಅದು."

"ಅವ್ರು ಹೋಗಿದ್ದು ಇಂಥಾ ಗಾಡಿಗಳಿಂದ್ಲೇ ಅಲ್ವಾ?"

ಅವನು ತಲೆ ತಗ್ಗಿಸಿಕೊಂಡು ಹೋದ. ನನ್ನ ಬಾಯಿ ಅಂಥದ್ದು. ಅವನು ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ನಾನು ಬರೆದುಕೊಳ್ಳುತ್ತಿದ್ದೆನೋ ಏನೋ.

ಮರುದಿನ ಬೆಳಿಗ್ಗೆ ಖಲೀಲನಿಗೆ ವಿಷಯ ತಿಳಿಸಿದೆ. ಅವನ ಮುಖ ಅರಳಿತು. ಅವನು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. "ಅಮ್ಮಾ, ಇನ್ನೊಂದ್ ಗಂಟೆ ಮಲಕ್ಕೊಬೋದು ನಾನು. ಈಗೀಗ ಮಂಡಿ ನೋವು ಬೇರೆ. ನಿಮ್ಗೂ ದಿನಾ ಬೆಳಿಗ್ಗೆ ಎದ್ದು ಟೀ ಕಾಯ್ಸೋ ಕಾಟ ತಪ್ತದೆ," ಎಂದ. ಬೇಡ, ಅದು ಇಲ್ಲಿಗೇ ಬರಲಿ, ಏನಾದರೂ ದಾರಿ ಮಾಡೋಣ ಎಂದು ನಾಲಿಗೆ ತುದಿಗೆ ಬಂತು. ಅವನು ಮಂಡಿ ಸವರಿಕೊಳ್ಳುತ್ತಾ ನಗುತ್ತಿದ್ದ. ನಾನು "ಹೌದಪ್ಪ, ಒಳ್ಳೇದಾಯ್ತು," ಎಂದೆ.

ದೊರೆಸ್ವಾಮಿಯ ಗಾಡಿಗಳು ಹದಿನೈದು ದಿನದಲ್ಲಿ ಖಾಲಿಯಾದವು. ಕೊನೆಗೆ ನಮ್ಮ ಸ್ಕೂಟರಿನ ಸರದಿ ಬಂತು. ಒಂದು ಸೋಮವಾರ ಮಧ್ಯಾಹ್ನ ಖಲೀಲ್ ಅದನ್ನು ದೊಡ್ಡಿಗೆ ಬಿಟ್ಟು ಬಂದ.

ಸೋಮವಾರ ಸಂಜೆ ದೀಪ ಹಚ್ಚಿ ಕೂತೆ. ಸದ್ದಿಲ್ಲ. ಬೀದಿಯಲ್ಲಿ ಹನ್ನೊಂದೇ ಗಾಡಿ, ಹನ್ನೊಂದಕ್ಕೂ ಹಳದಿ ಚೀಟಿ. ಮನೆಯೊಳಗೆ ಎಲ್ಲಿ ನಿಂತರೂ ಸರಿಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಮೇಲೆ ಹೊರಟೆ. ಸುಮ್ಮನೆ ದೂರದಿಂದ ನೋಡಿ ಬರುವುದು ಎಂದು ನನಗೆ ನಾನೇ ಹೇಳಿಕೊಂಡೆ. ಏರಿಯ ಅರ್ಧಕ್ಕೇ ಸದ್ದು ಕೇಳಿಸಿತು. ಏನೋ ಕಬ್ಬಿಣಕ್ಕೆ ಬಡಿಯುತ್ತಿತ್ತು, ನಿಂತು, ಮತ್ತೆ ಬಡಿಯುತ್ತಿತ್ತು.

ದೊಡ್ಡಿ ಕಾಯುವವನು ಸಿಂಗ್ರಯ್ಯ ಎಂಬ ಮುದುಕ. ಸಂಜೆ ಗೇಟಿಗೆ ಬೀಗ ಹಾಕಿ ಅಷ್ಟು ದೂರದ ಟೀ ಅಂಗಡಿಯಲ್ಲಿ ಕೂರುತ್ತಾನೆ, ಈ ಸದ್ದು ಕೇಳಲಾಗುವುದಿಲ್ಲವಂತೆ. ನನ್ನನ್ನು ಕಂಡು ಎದ್ದು ಬಂದ. "ಇಲ್ಲಿಗ್ ಬರಬಾರ್ದು ತಾಯಿ ನೀವು. ರೂಲ್ಸು ನಿಮ್ದೇ."

"ಐದ್ ನಿಮಿಷ, ಸಿಂಗ್ರಯ್ಯ."

"ನಿಮ್ಗೆ ನಾನ್ ಎದುರಾಡಕ್ಕಾಗಲ್ಲ. ನಾನ್ ನೋಡ್ಲಿಲ್ಲ ಬುಡಿ," ಎಂದು ತಿರುಗಿ ಹೋದ.

ಸ್ಕೂಟರು ಹಿಂದೆ ಸರಿದು ಬಂದು ಬಂದು ಗೇಟಿಗೆ ಗುದ್ದುತ್ತಿತ್ತು. ಮುಂದಿನ ದೀಪದ ಗಾಜು ಒಡೆದು ಕೆಳಗೆ ಬಿದ್ದಿತ್ತು. ನಾನು ಗೇಟಿನ ಹೊರಗೆ ಒಂದು ಕಲ್ಲುಚಪ್ಪಡಿಯ ಮೇಲೆ ಕೂತೆ. ಅದು ಸುಮ್ಮನಾಯಿತು. ಸರಳಿನ ಆ ಕಡೆ, ನನಗೆ ಎರಡು ಮೊಳ ದೂರದಲ್ಲಿ, ಹ್ಯಾಂಡಲ್ಲನ್ನು ಎಡಕ್ಕೆ ವಾಲಿಸಿಕೊಂಡು ನಿಂತಿತು. ಮನೆ ಮುಂದೆಯೂ ಅದು ಹಾಗೇ ನಿಲ್ಲುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಇವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಸಮಾಧಾನವಾಗಿ ಡಿಪೋದ ವಿಷಯ, ಸೊಸೈಟಿಯಲ್ಲಿ ಅಕ್ಕಿ ಸಿಗದ ವಿಷಯ, ಏನೇನೋ ಮಾತಾಡಿದೆ. ಮಂಗಳವಾರವೂ ಹೋದೆ. ಅವತ್ತು ನಾನು ಬರುವ ತನಕ ಒಂದೆರಡು ಸಲ ಮಾತ್ರ ಗುದ್ದಿತಂತೆ. ಬುಧವಾರ ಹೋದಾಗ ಅದು ಗುದ್ದದೆ, ಆ ಚಪ್ಪಡಿಯ ಎದುರಿಗೇ ಬಂದು ನಿಂತಿತ್ತು.

ಗುರುವಾರ ಬೆಳಿಗ್ಗೆ ಸಿಂಗ್ರಯ್ಯ 'ಮೂರನೇ ಸಂಜೆ ಗಲಾಟೆ ಇಲ್ಲ' ಎಂದು ವರದಿ ಕಳಿಸಿದ. ನಾನು ಅದರ ಕೆಳಗೆ ಸಹಿ ಹಾಕಿದೆ. ಖಲೀಲ್ ಗಾಡಿ ಬಿಡಿಸಿಕೊಂಡು ಹೋದ. ಅವತ್ತು ಸಂಜೆ ಬಾಗಿಲು ಹಾಕಿಕೊಂಡು ಕೂತೆ. ಸ್ಕೂಟರು ಬರಲಿಲ್ಲ. ನಿಯಮದ ಪ್ರಕಾರ ಬರಬಾರದು, ಬರಲಿಲ್ಲ. ಅನ್ನಕ್ಕಿಡಲಿಲ್ಲ. ಬೆಳಗಿನ ಎರಡು ದೋಸೆ ಇದ್ದವು, ತಿಂದು ಮಲಗಿದೆ.

ಶುಕ್ರವಾರ ಐದೂವರೆಗೆ ಜಗುಲಿಯ ಹತ್ತಿರ ಕೆಮ್ಮಿದ ಸದ್ದಾಯಿತು. ಬಾಗಿಲು ತೆರೆದರೆ ಖಲೀಲ್ ನಿಂತಿದ್ದ. ಬೆವರು ಇಳಿಯುತ್ತಿತ್ತು.

"ಅಮ್ಮಾ, ಗಾಡಿ ಇಲ್ಲಿಗ್ ಬಂತಾ?"

"ಇಲ್ವಲ್ಲಪ್ಪ."

"ನಮ್ಮನೆ ಮುಂದೇನೇ ನಿಲ್ಸಿದ್ದೆ. ದೀಪ ಹಚ್ಚೋ ಹೊತ್ತಿಗೆ ಹೊರಟ್ಬಿಡ್ತು. ಇಲ್ಲಿಗೇ ಬಂದಿರತ್ತೆ ಅಂದ್ಕೊಂಡೆ."

ಅವನು ಹೇಳಿ ಮುಗಿಸುವ ಮೊದಲೇ ನನಗೆ ಅದು ಎಲ್ಲಿದೆ ಎಂದು ತಿಳಿಯಿತು. "ಬಾ," ಎಂದು ಅವನನ್ನು ಕರೆದುಕೊಂಡು ಏರಿಯ ಮೇಲೆ ನಡೆದೆ. ದಾರಿಯಲ್ಲೇ ಆರು ಗಂಟೆ ಆಗಿಹೋಗಿತ್ತು, ಬೇಕರಿಯಲ್ಲಿ ಅವನ ಬ್ರೆಡ್ಡನ್ನು ಬೇರೆಯವರು ಎತ್ತಿಕೊಂಡು ಹೋಗಿರುತ್ತಾರೆ.

ಸ್ಕೂಟರು ದೊಡ್ಡಿಯ ಗೇಟಿನ ಹೊರಗೆ, ಚಪ್ಪಡಿಗೆ ತಾಗಿಕೊಂಡು ನಿಂತಿತ್ತು. ಸಿಂಗ್ರಯ್ಯ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. "ಇದು ಇಲ್ಲಿಗೇ ಒಗ್ಗೋಯ್ತು," ಎಂದ. "ಇನ್ನೊಂದ್ ಸಲ ಮರೆಸಕ್ಕಾಗಲ್ಲ ಸಾಬ್ರೆ. ಒಂದೇ ಸಲ ಮರೆಯೋದು ಅವು. ಇನ್ಮೇಲೆ ದಿನಾ ಸಂಜೆ ಇಲ್ಲೇ."

ಖಲೀಲನ ಮನೆಯಿಂದ ದೊಡ್ಡಿಗೆ ನಾಲ್ಕು ಮೈಲಿ. ಅವನು ಲೆಕ್ಕ ಹಾಕುತ್ತಿದ್ದದ್ದು ಅವನ ಮುಖದಲ್ಲೇ ಕಾಣುತ್ತಿತ್ತು. "ಹೆಂಗಾಯ್ತು ಇದು? ಯಾರಾದ್ರೂ ಬಂದಿದ್ರಾ ಇಲ್ಲಿಗೆ?" ಎಂದು ಸಿಂಗ್ರಯ್ಯನನ್ನು ಕೇಳಿದ.

ಸಿಂಗ್ರಯ್ಯ ನನ್ನ ಕಡೆ ನೋಡಲಿಲ್ಲ. "ಯಾರೂ ಬಂದಿಲ್ಲಪ್ಪ," ಎಂದ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ನಾನ್ ಬಂದಿದ್ದೆ ಖಲೀಲ್," ಎಂದೆ. "ಮೂರ್ ದಿನಾನೂ ಬಂದು ಇಲ್ಲೇ ಕೂತಿದ್ದೆ. ಸಂಜೆ ಅದು ಬರ್ದೆ ನನ್ಗೆ ಇರಕ್ಕಾಗ್ಲಿಲ್ಲ."

ಅವನು ಬಯ್ಯಲಿ ಎಂದು ಕಾದೆ. ಅವನು ಸ್ಕೂಟರಿನ ಸೀಟಿನ ಮೇಲಿದ್ದ ಇಬ್ಬನಿಯನ್ನು ಅಂಗೈಯಲ್ಲಿ ಒರೆಸುತ್ತಾ ನಿಂತ. "ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅಮ್ಮಾ," ಎಂದ ಕೊನೆಗೆ. "ಗಾಡಿ ನಿಮ್ಮ ಹೆಸ್ರಿಗೇ ಬರ್ಕೊಟ್ಟು ಚೀಟಿ ಹಚ್ಚಿಸ್ಕೊಬೋದಿತ್ತು. ಬೆಳಿಗ್ಗೆ ನಾನು ತಗೊಂಡ್ ಹೋಗ್ತಿದ್ದೆ. ನಡಿಯೋದು ನನ್ಗೆ ರೂಢಿನೇ ಇತ್ತಲ್ಲ."

ಮೂವತ್ತೊಂದು ವರ್ಷ ಕಾಗದಪತ್ರದ ಕೆಲಸ ಮಾಡಿದವಳಿಗೆ ಅದು ಹೊಳೆದಿರಲಿಲ್ಲ. ನಿಯಮದಲ್ಲಿ ನುಸುಳಲು ಅಷ್ಟಗಲ ಜಾಗವಿತ್ತು. ಬ್ರೆಡ್ಡು ಹಾಕುವವನಿಗೆ ಅದು ಕಂಡಿತು. ಬಾಯಿಬಿಟ್ಟು ಕೇಳಿದ್ದರೆ ಸಾಕಾಗಿತ್ತು, ನಾನು ಕೇಳಲಿಲ್ಲ.

ಖಲೀಲನಿಗೆ ಅವನ ಹಣ ವಾಪಸು ಕೊಟ್ಟೆ. ಅವನೀಗ ಸೈಕಲ್ಲಿನಲ್ಲಿ ಬ್ರೆಡ್ಡು ಹಾಕುತ್ತಾನೆ. ಸೈಕಲ್ಲುಗಳಿಗೆ ಮನೆಯ ಹಂಬಲವಿಲ್ಲ, ನಿಲ್ಲಿಸಿದಲ್ಲಿ ನಿಲ್ಲುತ್ತವೆ. ದೂರದ ಅಂಗಡಿಗಳು ಬಿಟ್ಟುಹೋದವು, ಸಂಪಾದನೆ ಅರ್ಧವಾಯಿತು. ಮಂಡಿ ನೋವಿನ ಬಗ್ಗೆ ನಾನು ಕೇಳುವುದಿಲ್ಲ, ಕೇಳಲು ಮುಖವಿಲ್ಲ.

ಸ್ಕೂಟರು ನನ್ನ ಹೆಸರಿಗೆ ಬಂತು. ಹನ್ನೆರಡನೇ ನಂಬರಿನ ಹಳದಿ ಚೀಟಿ ಬರೆದೆ. ಎಲ್ಲ ನಿಯಮದ ಪ್ರಕಾರವೇ. ಕಾಗದ ಕೈಗೆ ಬಂದ ದಿನ ಬೆಳಿಗ್ಗೆ ಖಲೀಲನೇ ಅದನ್ನು ದೊಡ್ಡಿಯಿಂದ ಓಡಿಸಿಕೊಂಡು ಬಂದು ನಮ್ಮ ಬಾಗಿಲಿಗೆ ನಿಲ್ಲಿಸಿ, ಕೀಲಿಕೈ ನನ್ನ ಕೈಗೆ ಕೊಟ್ಟು, ಟೀ ಬೇಡವೆಂದು ಹೋದ. ದಿನವಿಡೀ ಅದು ಬಾಗಿಲಲ್ಲಿತ್ತು. ಚೀಟಿ ಅಂಟಿಸಿದೆ. ಒದ್ದೆ ಬಟ್ಟೆ ತಂದು ಸಂದುಗಳನ್ನೆಲ್ಲ ಒರೆಸಿದೆ. ಸಿಮೆಂಟಿನ ಪುಡಿ ಕಲ್ಲಾಗಿ ಕೂತಿತ್ತು, ಅದನ್ನು ಮಾತ್ರ ಕೆರೆಯಲಿಲ್ಲ.

ಸಂಜೆಯಾಯಿತು. ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದು ಸ್ಕೂಟರಿನ ಮುಂದೆ ನಿಂತುಕೊಂಡೆ. ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದೆ. ಒಂದು ವೇಳೆ ನನ್ನನ್ನು ಕಂಡು ನಿಲ್ಲಬಹುದೇನೋ ಎಂಬ ಆಸೆ. ಅದು ಶುರುವಾಯಿತು. ಇಪ್ಪತ್ತಾರು ವರ್ಷ ಅದು ಬರುವ ಸದ್ದನ್ನೇ ಕೇಳಿದ್ದೆ, ತಾನಾಗಿ ಹೊರಡುವ ಸದ್ದು ಬೇರೆಯೇ ಇತ್ತು. ಮೆಲ್ಲಗೆ ಮುಂದೆ ಬಂದು ಮುಂದಿನ ಚಕ್ರವನ್ನು ನನ್ನ ಮೊಣಕಾಲಿಗೆ ತಾಗಿಸಿತು. ಸ್ವಲ್ಪ ಹಿಂದೆ ಸರಿದು ಮತ್ತೆ ತಾಗಿಸಿತು. ನೋವಾಗುವಂತೇನೂ ಅಲ್ಲ. ಹೊತ್ತಾಯಿತು, ಬಿಡು ಅನ್ನುವ ಹಾಗೆ. ತನ್ನ ಮನೆ ಬಾಗಿಲ ಸಂದಿಯಿಂದ ದೊರೆಸ್ವಾಮಿ ನೋಡುತ್ತಿದ್ದ.

ಕೈ ಬಿಟ್ಟೆ. ಪಕ್ಕಕ್ಕೆ ಸರಿದು ನಿಂತೆ. ಬೀದಿಯಲ್ಲಿ ಒಂದು ಗಾಡಿಯೂ ಅಡ್ಡವಿರಲಿಲ್ಲ, ಗಿರಣಿಯ ತನಕ ದಾರಿ ಸಾಫಾಗಿತ್ತು. ಸ್ಕೂಟರು ಎಡಬದಿ ಹಿಡಿದು ಎಲ್ಲೂ ತಡೆಯದೆ ಹೋಯಿತು.